ದುರ್ಬಲ ಪ್ರತ್ಯಾಮ್ಲಕ್ಕೆ ಪ್ರಬಲ ಆಮ್ಲ: ಪಿಎಚ್ ಎಷ್ಟು?

ಆಮ್ಲ ಮತ್ತು ಪ್ರತ್ಯಾಮ್ಲಗಳು ಸಮ ಪ್ರಮಾಣದಲ್ಲಿ ಸೇರಿದರೆ ದ್ರಾವಣದ ಪಿಎಚ್ 7 ಆಗುತ್ತದೆ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಎರಡೂ ಪ್ರಬಲವಾಗಿದ್ದರೆ ಇದು ಸರಿ. ಪ್ರತ್ಯಾಮ್ಲ ದುರ್ಬಲವಾಗಿದ್ದರೆ? ಒಂದು ಉದಾಹರಣೆ ನೋಡೋಣ.

0.1 ಮೋಲಾರ್ ಅಮೋನಿಯ ದ್ರಾವಣವನ್ನು 50 ಮಿಲೀ ತೆಗೆದುಕೊಳ್ಳಿ. ಅದರಲ್ಲಿ 5 ಮಿಲಿಮೋಲ್ ಅಮೋನಿಯ ಇರುತ್ತದೆ. ಬ್ಯುರೆಟ್ಟಿನಿಂದ 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಸೇರಿಸುತ್ತ ಹೋಗಿ. ಪ್ರತಿಯೊಂದು ಹೈಡ್ರೊಜನ್ ಅಯಾನೂ ಒಂದು ಅಮೋನಿಯ ಅಣುವಿನೊಡನೆ ಕೂಡಿ ಅಮೋನಿಯಮ್ ಅಯಾನು ಆಗುತ್ತದೆ. ಈ ಕ್ರಿಯೆ ಬಹುಮಟ್ಟಿಗೆ ಪೂರ್ಣವಾಗುತ್ತದೆ. ಆದ್ದರಿಂದ ಸೂತ್ರವನ್ನು ಆರಿಸುವ ಮೊದಲು, ಕ್ರಿಯೆಯ ನಂತರ ಏನು ಉಳಿಯಿತು ಎಂಬುದನ್ನು ಮೋಲ್‌ಗಳಲ್ಲಿ ಲೆಕ್ಕ ಹಾಕಬೇಕು. ಮೂರು ಸಂದರ್ಭಗಳಿವೆ.

1. ಅಮೋನಿಯ ಉಳಿದಾಗ: 20 ಮಿಲೀ ಆಮ್ಲ ಸೇರಿಸಿದರೆ 2 ಮಿಲಿಮೋಲ್ ಅಮೋನಿಯಮ್ ಉಂಟಾಗಿ 3 ಮಿಲಿಮೋಲ್ ಅಮೋನಿಯ ಉಳಿಯುತ್ತದೆ. ಇದು ಬಫರ್ ದ್ರಾವಣ. 25° ಸೆ. ಉಷ್ಣತೆಯಲ್ಲಿ ಅಮೋನಿಯದ ಅಯಾನೀಕರಣ ಸ್ಥಿರಾಂಕ 1.8 × 10⁻⁵. ಇದರಿಂದ ಅಮೋನಿಯಮ್ ಅಯಾನಿನ ಪಿಕೆಎ 9.26 ಎಂದು ದೊರೆಯುತ್ತದೆ.
ಪಿಎಚ್ = 9.26 + ಲಾಗ್ (3/2) = 9.44

2. ಎರಡೂ ಸಮವಾದಾಗ: 50 ಮಿಲೀ ಆಮ್ಲ ಸೇರಿಸಿದಾಗ ಉಳಿಯುವುದು ಅಮೋನಿಯಮ್ ಕ್ಲೋರೈಡ್ ಮಾತ್ರ. ಒಟ್ಟು ಗಾತ್ರ ಈಗ 100 ಮಿಲೀ ಆಗಿರುವುದನ್ನು ಮರೆಯಬೇಡಿ. ಅಮೋನಿಯಮ್ ಸಾರತೆ 0.05 ಮೋಲಾರ್. ಈ ಅಯಾನು ಒಂದು ದುರ್ಬಲ ಆಮ್ಲ. ಅದರ ಸ್ಥಿರಾಂಕ 5.6 × 10⁻¹⁰.
ಹೈಡ್ರೊಜನ್ ಅಯಾನು ಸಾರತೆ = √(5.6 × 10⁻¹⁰ × 0.05) = 5.3 × 10⁻⁶ ಮೋಲಾರ್
ಪಿಎಚ್ = 5.28. ಅಂದರೆ ದ್ರಾವಣ ತಟಸ್ಥವಲ್ಲ, ಆಮ್ಲೀಯ.

3. ಆಮ್ಲ ಹೆಚ್ಚಾದಾಗ: 60 ಮಿಲೀ ಸೇರಿಸಿದರೆ 1 ಮಿಲಿಮೋಲ್ ಆಮ್ಲ 110 ಮಿಲೀ ದ್ರಾವಣದಲ್ಲಿ ಉಳಿಯುತ್ತದೆ. ಪಿಎಚ್ 2.04. ಇಲ್ಲಿ ಅಮೋನಿಯಮ್ ಅಯಾನಿನ ಪಾತ್ರ ನಗಣ್ಯ.

ಈ ಲೆಕ್ಕದಿಂದ ಪ್ರಯೋಗಶಾಲೆಯಲ್ಲಿ ಏನು ಪ್ರಯೋಜನ? ಸರಿಯಾದ ಸೂಚಕವನ್ನು ಆರಿಸಲು ಇದು ಬೇಕು. ಫಿನಾಫ್ತಲೀನ್ ಬಣ್ಣ ಕಳೆದುಕೊಳ್ಳುವುದು ಪಿಎಚ್ ಸುಮಾರು 8.2ರಲ್ಲಿ. ಮೊದಲನೆಯ ಸೂತ್ರದಲ್ಲಿ ಈ ಬೆಲೆಯನ್ನು ಹಾಕಿ ನೋಡಿ: ಆಗ ಸೇರಿರುವ ಆಮ್ಲ ಸುಮಾರು 46 ಮಿಲೀ ಮಾತ್ರ! ಬಣ್ಣವೂ ಥಟ್ಟನೆ ಹೋಗದೆ ನಿಧಾನವಾಗಿ ಮಾಸುತ್ತದೆ. ನಿಮ್ಮ ಉತ್ತರದಲ್ಲಿ ಶೇಕಡ 8ರಷ್ಟು ದೋಷ ನುಸುಳುತ್ತದೆ. ಮೀಥೈಲ್ ರೆಡ್ ಸೂಚಕದ ಬಣ್ಣ ಪಿಎಚ್ ಸುಮಾರು 4.4ರಿಂದ 6.2ರ ನಡುವೆ ಬದಲಾಗುವುದರಿಂದ ಅದು ಇಲ್ಲಿ ತಕ್ಕ ಸೂಚಕ.

ಕಾಳು, ಹಿಟ್ಟುಗಳ ಪ್ರೋಟೀನನ್ನು ಅಂದಾಜು ಮಾಡಲು ಬಳಸುವ, 1883ರಲ್ಲಿ ಪ್ರಕಟವಾದ ಕೆಲ್ಡಾಲ್ ವಿಧಾನದಲ್ಲೂ ಕೊನೆಗೆ ಟೈಟ್ರೇಷನ್‌ನಿಂದ ಅಳೆಯುವುದು ಅಮೋನಿಯವನ್ನೇ. ಅಲ್ಲಿ ಸೂಚಕ ತಪ್ಪಿದರೆ ಪ್ರೋಟೀನಿನ ಲೆಕ್ಕವೂ ತಪ್ಪುತ್ತದೆ.

10, 25 ಮತ್ತು 45 ಮಿಲೀ ಆಮ್ಲ ಸೇರಿಸಿದಾಗಿನ ಪಿಎಚ್‌ಗಳನ್ನು ನೀವೇ ಲೆಕ್ಕ ಹಾಕಿ ನಕ್ಷೆ ಬರೆಯಿರಿ.