ಮಟ್ಟಸವಾದ ಧ್ವನಿ

ಧ್ವನಿವರ್ಧಕವನ್ನು ಕೊಳ್ಳಹೋದವರಿಗೆ ಅಂಗಡಿಯವರು ಒಂದು ವಿವರಪತ್ರವನ್ನು ತೋರಿಸುತ್ತಾರೆ. "20ರಿಂದ 20,000 ಹರ್ಟ್ಜ್" ಎಂದು ಅದರಲ್ಲಿರುತ್ತದೆ. ಸೆಕೆಂಡಿಗೆ 20 ಕಂಪನಗಳ ಮಂದ್ರದಿಂದ 20,000 ಕಂಪನಗಳ ತಾರದವರೆಗೂ ಈ ಪೆಟ್ಟಿಗೆ ನುಡಿಯುವುದೆಂದು ಅರ್ಥ. ಆದರೆ ಎಲ್ಲವನ್ನೂ ಸಮನಾದ ಬಲದಿಂದ ನುಡಿಯುವುದೇ? ಪಕ್ಕದಲ್ಲಿ "3 ಡೆಸಿಬೆಲ್ ಹೆಚ್ಚು ಕಡಿಮೆ" ಎಂಬಂಥ ಮಿತಿಯನ್ನು ಹೇಳದಿದ್ದರೆ ಆ ಅಂಕಿಗಳಿಂದ ನಿಮಗೇನೂ ತಿಳಿಯದು.

ಏರುತಗ್ಗಿಲ್ಲದೆ ನುಡಿಯುವ ಈ ಗುಣವನ್ನು ಮಟ್ಟಸವಾದ ಧ್ವನಿ ಎನ್ನೋಣ. ಅದರಿಂದೇನು ಲಾಭ? "ವಾರ್ತೆ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂದು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಮಾತಿನ ಬಲವಿರುವುದು ಬಹುಮಟ್ಟಿಗೆ ಸ್ವರಾಕ್ಷರಗಳಲ್ಲಿ, ಕೆಳಗಿನ ಕಂಪನಗಳಲ್ಲಿ. ಸಕಾರ, ಶಕಾರಗಳನ್ನು ಬೇರೆ ಬೇರೆಯಾಗಿ ತಿಳಿಸುವ ಗುರುತುಗಳಿರುವುದು 2,000 ಕಂಪನಗಳಿಗೂ ಮೇಲೆ. ವಯಸ್ಸಾದಂತೆ ಕಿವಿಗೆ ಮೊದಲು ಮಂಕಾಗುವುದೂ ಮೇಲಿನ ಕಂಪನಗಳೇ. ಮಂದ್ರವನ್ನು ಉಬ್ಬಿಸುವ ಪೆಟ್ಟಿಗೆ ಈ ಗುರುತುಗಳನ್ನು ಮುಚ್ಚಿಬಿಡುತ್ತದೆ. ಆಗ ಧ್ವನಿಯನ್ನು ಏರಿಸಿದರೆ ಗದ್ದಲ ಹೆಚ್ಚೀತೇ ಹೊರತು ಮಾತು ತಿಳಿಯಾಗದು.

ಕೇಳುವವರ ರುಚಿ ಒಬ್ಬೊಬ್ಬರದು ಒಂದೊಂದಲ್ಲವೇ ಎಂದು ನೀವು ಕೇಳಬಹುದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಅವರು ಧ್ವನಿವರ್ಧಕಗಳನ್ನು ಪರದೆಯ ಹಿಂದೆ ಮರೆಮಾಡಿ ಅನೇಕರಿಗೆ ಕೇಳಿಸಿದರು. 1986ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಹೆಸರೂ ಬೆಲೆಯೂ ಕಣ್ಣಿಗೆ ಬೀಳದಿದ್ದಾಗ ಕೇಳುಗರ ಅಭಿಪ್ರಾಯಗಳು ಬಹುಮಟ್ಟಿಗೆ ಒಂದಾದವು. ಎದುರಿಗೆ ಮಟ್ಟಸವಾಗಿಯೂ ಪಕ್ಕಗಳಿಗೆ ನಯವಾಗಿಯೂ ಧ್ವನಿಯನ್ನು ಹರಡುವ ಪೆಟ್ಟಿಗೆಗಳನ್ನೇ ಅವರು ಮೆಚ್ಚಿದರು. ಪಕ್ಕದ ಧ್ವನಿ ಏಕೆಂದರೆ, ಗೋಡೆಗಳಿಗೆ ತಾಗಿ ಮರಳಿ ಬರುವುದು ಅದೇ.

ಹೆಡ್‌ಫೋನಿನ ಸಂಗತಿ ಬೇರೆ. ಎದುರಿನಿಂದ ಬರುವ ಧ್ವನಿಯಲ್ಲಿ ಸುಮಾರು 3,000 ಕಂಪನಗಳ ಭಾಗವನ್ನು ನಮ್ಮ ಹೊರಕಿವಿಯೂ ಕಿವಿಯ ನಾಳವೂ ಸಹಜವಾಗಿಯೇ ಹೆಚ್ಚಿಸುತ್ತವೆ. ಹುಟ್ಟಿನಿಂದ ನಾವು ಲೋಕವನ್ನು ಕೇಳಿರುವುದು ಹಾಗೆಯೇ. ಕಿವಿಯ ತಮಟೆಯ ಬಳಿ ಅಳೆದಾಗ ಸಪಾಟಾಗಿರುವ ಹೆಡ್‌ಫೋನಿನಲ್ಲಿ ಈ ಉಬ್ಬು ಇಲ್ಲ. ಅದರಲ್ಲಿ ಗಾಯನ ಮಂಕಾಗಿ, ದೂರದಿಂದ ಬಂದಂತೆ ಕೇಳುತ್ತದೆ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕ ಕೇಳಿಸುವಂತೆಯೇ ಕೇಳಿಸುವ ಹೆಡ್‌ಫೋನನ್ನು ಜನ ಮೆಚ್ಚುತ್ತಾರೆಂದು ಷಾನ್ ಆಲಿವ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು.

ಆದ್ದರಿಂದ ಹೊಸ ಪೆಟ್ಟಿಗೆಗೆ ಹಣ ತೆರುವ ಮುನ್ನ ಮನೆಯಲ್ಲಿರುವುದನ್ನೇ ಒಮ್ಮೆ ಪರೀಕ್ಷಿಸಿ. ಅದನ್ನು ಕೋಣೆಯ ಮೂಲೆಯಿಂದ ಈಚೆಗೆ ತನ್ನಿ. ಮೂಲೆ ಮಂದ್ರವನ್ನು ಉಬ್ಬಿಸುತ್ತದೆ. ಮಂದ್ರ, ತಾರಗಳ ತಿರುಪುಗಳನ್ನು ನಡುವಿಗೆ ನಿಲ್ಲಿಸಿ. ಮೊದಲು ವಾರ್ತೆ ಕೇಳಿ, ಆಮೇಲೆ ವೀಣೆ ಮೃದಂಗ. ಹಿರಿಯರನ್ನೂ ಬಳಿಯಲ್ಲಿ ಕೂರಿಸಿಕೊಳ್ಳಿ. ಅವರಿಗೆ ಇನ್ನೂ ಮಾತು ತಿಳಿಯದಿದ್ದರೆ ತಾರದ ತಿರುಪನ್ನು ಕೊಂಚ ಏರಿಸುವುದರಲ್ಲಿ ತಪ್ಪಿಲ್ಲ. ಪೆಟ್ಟಿಗೆ ಮಟ್ಟಸವಾಗಿದ್ದರೆ ಎಷ್ಟು ಏರಿಸಬೇಕೆಂಬುದು ಸುಲಭವಾಗಿ ತಿಳಿಯುತ್ತದೆ.