ನೋಡುಗರನ್ನು ಸಾಕ್ಷಿಯಾಗಿಸಿದ ನೃತ್ಯ

ಸಂಗೀತವಿಲ್ಲದೆ, ಕಲಿತ ಹೆಜ್ಜೆಗಳ ಹಂಗಿಲ್ಲದೆ, ಕಣ್ಣು ಮುಚ್ಚಿ ನಿಂತು, ದೇಹದೊಳಗಿಂದ ಪ್ರೇರಣೆ ಏಳುವವರೆಗೆ ಕಾದು, ಅದು ಎದ್ದಾಗ ಮಾತ್ರ ಚಲಿಸುವ ಅಭ್ಯಾಸವೊಂದು ‘ಅಥೆಂಟಿಕ್ ಮೂವ್‌ಮೆಂಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ನೃತ್ಯಕ್ಕೂ ಧ್ಯಾನಕ್ಕೂ ನಡುವೆ ನಿಲ್ಲುವ ಈ ಪದ್ಧತಿ 1950ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರೂಪುಗೊಂಡಿತಾದರೂ ಅದರ ಬೇರುಗಳಿರುವುದು ಯುರೋಪಿನಲ್ಲಿ.

ಸ್ವಿಟ್ಜರ್ಲೆಂಡಿನ ಮಾಂಟೆ ವೆರಿಟಾ ಬೆಟ್ಟದಲ್ಲಿ ರುಡಾಲ್ಫ್ ಲಾಬಾನ್ ನಡೆಸುತ್ತಿದ್ದ ಬೇಸಿಗೆ ಶಾಲೆಗೆ 1913ರಲ್ಲಿ ಬಂದ ಜರ್ಮನಿಯ ಮೇರಿ ವಿಗ್‌ಮನ್, ಮರುವರ್ಷವೇ ತಮ್ಮ ‘ಮಾಟಗಾತಿಯ ನೃತ್ಯ’ವನ್ನು ಯಾವ ವಾದ್ಯದ ನೆರವೂ ಇಲ್ಲದೆ ಪ್ರದರ್ಶಿಸಿ, ಸಂಗೀತದ ಆಸರೆಯಿಲ್ಲದೆಯೂ ನೃತ್ಯ ನಿಲ್ಲಬಲ್ಲದೆಂದು ತೋರಿಸಿದರು. ಆದರೆ ಅದು ಪ್ರೇಕ್ಷಕರಿಗಾಗಿ ಕಟ್ಟಿದ ಮೌನ. ತಾಳ ಹೋಗಿತ್ತೇ ಹೊರತು ರಂಗ ಉಳಿದೇ ಇತ್ತು.

ಆ ರಂಗವನ್ನೂ ಬಿಟ್ಟುಕೊಟ್ಟವರು ಡ್ರೆಸ್ಡೆನ್‌ನಲ್ಲಿ ವಿಗ್‌ಮನ್ ಶಾಲೆಯಲ್ಲಿಯೂ ಬಳಿಕ ಮಾರ್ಥಾ ಗ್ರಹಾಂ ಅವರಲ್ಲಿಯೂ ಕಲಿತ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್ (1911–1979). ಕಾರ್ಲ್ ಯೂಂಗ್ ಅವರ ಮನೋವಿಶ್ಲೇಷಣೆಯ ಪರಿಚಯವಾದ ಮೇಲೆ, ಎಚ್ಚರದಲ್ಲಿದ್ದುಕೊಂಡೇ ಮನಸ್ಸಿನೊಳಗಿನ ಚಿತ್ರಗಳು ತಾವಾಗಿ ಮೂಡಲು ಬಿಟ್ಟು ಅವುಗಳ ಜಾಡು ಹಿಡಿಯುವ ‘ಸಕ್ರಿಯ ಕಲ್ಪನೆ’ ಎಂಬ ಯೂಂಗ್ ವಿಧಾನವನ್ನು ಅವರು ನೃತ್ಯಶಾಲೆಗೆ ತಂದರು. ಚಲನೆಯೂ ಅದಕ್ಕೊಂದು ದಾರಿಯಾಗಬಹುದೆಂದು ಯೂಂಗ್ 1916ರಲ್ಲಿಯೇ ಬರೆದಿದ್ದರೂ ಆ ಬರಹ ಅಚ್ಚಾದದ್ದು 1957ರಲ್ಲಿ. ಚೆಂದ ಕಾಣಲೆಂದು ಎತ್ತಿದ ಕೈಗೂ ತಾನಾಗಿಯೇ ಎದ್ದ ಕೈಗೂ ಇರುವ ಅಂತರವನ್ನು ಗುರುತಿಸುವುದೇ ವೈಟ್‌ಹೌಸ್ ಬೋಧನೆಯ ತಿರುಳಾಗಿತ್ತು.

ಈ ಅಂತರ ಹೇಳಿದಷ್ಟು ಸುಲಭವಾಗಿ ಅನುಭವಕ್ಕೆ ಬರುವುದಿಲ್ಲ. ಮೊದಲ ಸಲ ಕಣ್ಣು ಮುಚ್ಚಿ ನಿಂತವರಲ್ಲಿ ನೃತ್ಯ ಬಲ್ಲವರಿಗೆ ಕಲಿತ ಭಂಗಿಗಳೇ ಮುನ್ನುಗ್ಗಿ ಅಡ್ಡ ಬಂದರೆ, ಬಾರದವರಿಗೆ ಸಂಕೋಚ ಕಾಲು ಕಟ್ಟುತ್ತದೆ. ಇಬ್ಬರಿಗೂ ಕಷ್ಟವಾಗುವುದು ಕುಣಿಯುವುದಲ್ಲ, ಕಾಯುವುದು. ಏನೂ ಏಳದಿದ್ದಾಗ ಸುಮ್ಮನೆ ಮಲಗಿರುವುದಕ್ಕೂ ಇಲ್ಲಿ ಅವಕಾಶವಿದೆ. ಬೀಸಾಗಿ ಚಲಿಸಬೇಕೆನಿಸಿದರೆ ಮಾತ್ರ ಇತರರಿಗೆ ತಾಗದಂತೆ ಕಣ್ಣನ್ನು ತುಸು ತೆರೆಯಬೇಕು.

ವೈಟ್‌ಹೌಸ್ ಅವರ ಶಿಷ್ಯರಲ್ಲಿ ಜೋನ್ ಚೊಡೊರೊ ಈ ಪದ್ಧತಿಯನ್ನು ಮನೋಚಿಕಿತ್ಸೆಯ ಕಡೆಗೆ ಒಯ್ದರು. ಜಾನೆಟ್ ಆಡ್ಲರ್ ಹಿಡಿದ ದಾರಿ ಬೇರೆ. 1981ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಗುರುವಿನ ಹೆಸರಿನ ಸಂಸ್ಥೆಯನ್ನು ಆರಂಭಿಸಿದ ಅವರು, ಕೋಣೆಯ ಅಂಚಿನಲ್ಲಿ ಕಣ್ಣು ತೆರೆದು ಕೂರುವ ‘ಸಾಕ್ಷಿ’ಯ ಪಾತ್ರವನ್ನು ಒಂದು ಶಿಸ್ತಾಗಿಯೇ ಬೆಳೆಸಿದರು. ಹೊರಹೋಗಿದ್ದ ನೋಡುಗ ಮರಳಿ ಬಂದದ್ದು ಹೀಗೆ, ಆದರೆ ಮೆಚ್ಚುವ ಅಥವಾ ಅಳೆಯುವ ಅಧಿಕಾರವನ್ನು ಕಳೆದುಕೊಂಡು. ಈ ಪದ್ಧತಿಯ ನಿಜವಾದ ಹೊಸತನವಿರುವುದು ಮೌನದಲ್ಲಿ ಅಲ್ಲ, ಈ ಮರಳುವಿಕೆಯಲ್ಲಿ. ಚಲನೆ ಮುಗಿದ ಮೇಲೆ ಚಲಿಸಿದವರೇ ಮೊದಲು ಮಾತಾಡುತ್ತಾರೆ. ಅವರು ಬಯಸಿದರೆ ಸಾಕ್ಷಿ ತಾನು ಕಂಡದ್ದನ್ನೂ ತನ್ನೊಳಗೆ ಆದದ್ದನ್ನೂ ತನ್ನದೆಂದೇ ಹೇಳಬೇಕು. ‘ನೀವು ದುಃಖದಲ್ಲಿದ್ದಿರಿ’ ಎನ್ನುವಂತಿಲ್ಲ. ‘ನಿಮ್ಮ ಭುಜ ಬಾಗಿದ್ದನ್ನು ಕಂಡಾಗ ನನ್ನಲ್ಲಿ ದುಃಖ ಮೂಡಿತು’ ಎನ್ನಬಹುದು. ದಿನನಿತ್ಯದ ಮಾತಿನಲ್ಲಿ ಯಾರೂ ಪಾಲಿಸದ ಈ ನಿಯಮ ನೃತ್ಯಕ್ಕಿಂತಲೂ ಕಠಿಣವೆಂದರೆ ತಪ್ಪಾಗಲಾರದು. ಆಡ್ಲರ್ ಕ್ರಮದಲ್ಲಿ ಹೊಸಬರು ಮೊದಲು ಅನುಭವಿ ಸಾಕ್ಷಿಯೆದುರು ಚಲಿಸುವವರಾಗಿ ಪಳಗಿ, ಅನಂತರ ಮೌನವಾಗಿ ನೋಡುವುದನ್ನು ಕಲಿತು, ಆ ಮೇಲಷ್ಟೇ ಮಾತಾಡುವ ಸಾಕ್ಷಿಯಾಗುತ್ತಾರೆ.