ಆಪರೇಷನ್‌ಗೆ ಮುಂಚಿನ ವರ್ಷಗಳು

ಮದುವೆ, ಎರಡು ಮಕ್ಕಳು, ಆಮೇಲೆ ಆಪರೇಷನ್. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಸಂತಾನ ನಿಯಂತ್ರಣವೆಂದರೆ ಬಹುಮಟ್ಟಿಗೆ ಇಷ್ಟೇ. ರಾಜ್ಯದ ಲೆಕ್ಕವೂ ಇದನ್ನೇ ಹೇಳುತ್ತದೆ: 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಧುನಿಕ ವಿಧಾನ ಬಳಸುತ್ತಿದ್ದ ವಿವಾಹಿತೆಯರು ಶೇ 68; ಒಟ್ಟು ವಿವಾಹಿತೆಯರಲ್ಲಿ ಶೇ 57ರಷ್ಟು ಆಪರೇಷನ್ ಆದವರೇ. ಮಾತ್ರೆ, ವಂಕಿ (ಕಾಪರ್-ಟಿ), ಚುಚ್ಚುಮದ್ದು, ನಿರೋಧ್ ಎಲ್ಲ ಸೇರಿ ಉಳಿದ ಪಾಲು. ಹದಿನೆಂಟು–ಇಪ್ಪತ್ತರ ಹೆಣ್ಣುಮಗಳಿಗೆ ಬೇಕಾದದ್ದು ಈ ಉಳಿದ ಪಾಲಿನಲ್ಲಿದೆ. ಸರ್ಕಾರಿ ನಿಯಮದ ಪ್ರಕಾರ 22 ವರ್ಷಕ್ಕೆ ಮುಂಚೆ ಆಪರೇಷನ್ ಮಾಡುವಂತಿಲ್ಲ.

ಈ ನೆಲಕ್ಕೆ ವಿಷಯ ಹೊಸದಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು. ಜಗತ್ತಿನಲ್ಲಿ ಸರ್ಕಾರವೇ ನಡೆಸಿದ ಮೊದಲ ಕ್ಲಿನಿಕ್‌ಗಳೆಂದು ಅವು ಹೆಸರಾಗಿವೆ.

ಹೊಸದಾಗಿ ಮದುವೆಯಾದವಳಿಗೆ ಮೊದಲು ಕೇಳಿಬರುವ ಮಾತು, ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದು. ಇದು ಸುಳ್ಳು, ಮತ್ತು ಅನೇಕರನ್ನು ಬೇಡದ ಬಸಿರಿಗೆ ತಳ್ಳಿದ ಸುಳ್ಳು. ಮಾಲಾ-ಎನ್ ಮಾತ್ರೆಯನ್ನು ದಿನವೂ ತೆಗೆದುಕೊಳ್ಳಬೇಕು: 21 ಹಾರ್ಮೋನು ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಅಡ್ಡಿಯಿಲ್ಲ. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ, ಕೆಲವು ಬಗೆಯ ಅರೆತಲೆನೋವು ಇರುವವರಿಗೆ, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರಿಗೆ ಇದು ಸಲ್ಲದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಛಾಯಾ ಮಾತ್ರೆಯಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಆರಂಭದಲ್ಲಿ ಮುಟ್ಟು ತಡವಾಗಬಹುದು, ಹೆದರಬೇಕಿಲ್ಲ.

ಮಾತ್ರೆ ಮರೆಯುವವರಿಗೆ, ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳಲಾಗದವರಿಗೆ ಅಂತರಾ ಚುಚ್ಚುಮದ್ದು ಅನುಕೂಲ. ಮೂರು ತಿಂಗಳಿಗೊಮ್ಮೆ ಹಾಕಿಸಿದರೆ ಸಾಕು. ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ಬೇಗ ಮಗು ಬೇಕೆನ್ನುವವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ವಂಕಿ ಇವೆಲ್ಲಕ್ಕಿಂತ ಗಟ್ಟಿ. ವರ್ಷಕ್ಕೆ ನೂರು ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ದಿನದ ಮಾತ್ರೆ ಬಳಸುವವರಲ್ಲಿ ಸುಮಾರು ಏಳು, ನಿರೋಧ್ ಬಳಸುವವರಲ್ಲಿ ಹದಿಮೂರು ಮಂದಿಗೆ ಗರ್ಭ ನಿಲ್ಲುತ್ತದೆ. 380-ಎ ವಂಕಿ ಹತ್ತು ವರ್ಷ, 375 ಐದು ವರ್ಷ ಬಾಳುತ್ತದೆ. ಬೇಡವೆಂದ ದಿನ ತೆಗೆಸಬಹುದು. ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಬಹುದಾದ್ದರಿಂದ ಮೊದಲ ಬಾಣಂತಿಗೆ ಇದು ನಿಜವಾಗಿ ಒಳ್ಳೆಯ ಆಯ್ಕೆ. ಮೊದಮೊದಲು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಬಹುದು. ಲೈಂಗಿಕ ರೋಗಗಳನ್ನು ತಡೆಯುವುದು ಮಾತ್ರ ನಿರೋಧ್ ಒಂದೇ.

ಅಸುರಕ್ಷಿತ ಸಂಪರ್ಕವಾದರೆ ತುರ್ತು ಮಾತ್ರೆ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದು ಗರ್ಭಪಾತದ ಮಾತ್ರೆಯಲ್ಲ, ತಿಂಗಳು ತಿಂಗಳು ನುಂಗುವಂಥದ್ದೂ ಅಲ್ಲ. ವಿಧಾನ ಕೈಕೊಟ್ಟು ಗರ್ಭ ನಿಂತರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅವಿವಾಹಿತೆಗೂ 20 ವಾರದವರೆಗೆ ಕಾನೂನುಬದ್ಧ ಗರ್ಭಪಾತಕ್ಕೆ ಅವಕಾಶವಿದೆ. ವಯಸ್ಕಳಾದರೆ ಅವಳ ಒಪ್ಪಿಗೆಯೇ ಸಾಕು.

ಹದಿನೆಂಟರೊಳಗಿನವರ ಸ್ಥಿತಿ ಬೇರೆ. ಒಪ್ಪಿಗೆಯಿದ್ದರೂ, ಮದುವೆಯೇ ಆಗಿದ್ದರೂ ಅವರೊಂದಿಗಿನ ಲೈಂಗಿಕ ಸಂಪರ್ಕ ಪೋಕ್ಸೊ ಕಾಯ್ದೆಯಡಿ ಅಪರಾಧ. ತಿಳಿದ ವೈದ್ಯರು ವರದಿ ಮಾಡಲೇಬೇಕು. ಈ ಭಯಕ್ಕೇ ಎಷ್ಟೋ ಹುಡುಗಿಯರು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಾಲ್ಯವಿವಾಹದ ಒತ್ತಡವಿದ್ದರೆ 1098ಕ್ಕೆ ಕರೆ ಮಾಡಬಹುದು. ಹರೆಯದವರ ಆಪ್ತ ಸಲಹೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ.

ಮಂಡ್ಯದ ಮಿಮ್ಸ್, ಮದ್ದೂರು ಮತ್ತು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಿಧಾನಗಳಿಗೆ ಹಣ ಕೊಡಬೇಕಿಲ್ಲ. ಮಾತ್ರೆ, ನಿರೋಧ್ ಆಶಾ ಕಾರ್ಯಕರ್ತೆಯ ಬಳಿಯೂ ಸಿಗುತ್ತವೆ. ಯಾವುದಕ್ಕೂ ಗಂಡನ ಸಹಿಯಾಗಲಿ ಅತ್ತೆಯ ಅನುಮತಿಯಾಗಲಿ ಕಾನೂನಿನಲ್ಲಿ ಬೇಕಿಲ್ಲ.